ಮೂರು ಪರದೆ, ಒಂದು ಕಾರ್ಡು ಮತ್ತು ರತ್ನಕ್ಕನ ಬಸ್ಸು

ನಮ್ಮ ಮನೆಗೆ ಮೊದಲ ಬಾರಿ ಬರುವವರು ನಡುಮನೆಯ ಮೇಜನ್ನು ಕಂಡೊಡನೆ ನನ್ನ ವೃತ್ತಿಯನ್ನು ತಪ್ಪಾಗಿ ಊಹಿಸುತ್ತಾರೆ. ಅವರನ್ನು ದೂರುವಂತಿಲ್ಲ. ಮೇಜಿನ ಮಧ್ಯದಲ್ಲಿ ಅಗಲವಾದ ಒಂದು ಮಾನಿಟರ್. ಅದರ ಎಡಕ್ಕೊಂದು ಬಲಕ್ಕೊಂದು, ಹದಿನೈದು ವರ್ಷದಷ್ಟು ಹಳೆಯವಾದ ಚೌಕಾಕಾರದ ಮಾನಿಟರ್‌ಗಳು, ತೆರೆದಿಟ್ಟ ಕಿಟಕಿಯ ಬಾಗಿಲುಗಳಂತೆ ಓರೆಯಾಗಿ ನಿಂತಿವೆ. ಮುಂದೆ, ಮೇಜಿನ ಅಂಚಿಗೆ ತಿರುಪು ಬಿಗಿದು ಕೂರಿಸಿದ ಒಂದು ಸ್ಟೇರಿಂಗ್. ಕರೆಂಟಿನ ಮೀಟರ್ ಓದಲು ಬಂದಾತ ಬಾಗಿಲಲ್ಲೇ ನಿಂತು, “ಶೇರು ವ್ಯಾಪಾರವಾ ಸಾರ್?” ಎಂದು ಗೌರವದಿಂದ ಕೇಳಿದ್ದ. ಎದುರು ಮನೆಯವರಂತೂ ನಾನು ಇಡೀ ಬೀದಿಗೆ ಕ್ಯಾಮೆರಾ ಹಾಕಿಸಿ ಒಳಗೆ ಕುಳಿತು ನೋಡುತ್ತಿದ್ದೇನೆಂದು ನಂಬಿದ್ದಾರೆ. ಆ ನಂಬಿಕೆ ಹುಟ್ಟಿದಂದಿನಿಂದ ನಮ್ಮ ಬೀದಿಯ ಚರಂಡಿಗೆ ಯಾರೂ ಕಸ ಸುರಿದಿಲ್ಲ. ಸ್ವಚ್ಛತೆಯನ್ನು ಕುರಿತು ಗ್ರಾಮಸಭೆಯಲ್ಲಿ ನಾನು ಮಾಡಿದ ಭಾಷಣಗಳಿಗೆ ದೊರೆಯದ ಫಲ ಎರಡು ಹಳೆಯ ಮಾನಿಟರ್‌ಗಳಿಗೆ ದೊರೆತಿದೆ. ನಿಜವನ್ನು ತಿಳಿಸುವುದು ನನ್ನ ಕರ್ತವ್ಯವೆಂದು ಬಲ್ಲೆ. ಚರಂಡಿಯ ಹಿತದೃಷ್ಟಿಯಿಂದ ಅದನ್ನು ಮುಂದೂಡುತ್ತ ಬಂದಿದ್ದೇನೆ.

ನಿಮ್ಮಲ್ಲಿ ಮುಚ್ಚುಮರೆ ಏಕೆ? ಆ ಮೂರು ಪರದೆಗಳಿರುವುದು ಆಟಕ್ಕೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಆಟ ಆಡುವವರು ಇಬ್ಬರು: ಚಾಮರಾಜನಗರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುವ, ಮೂವತ್ತೆಂಟು ವರ್ಷದ ನಾನು; ನನಗಿಂತ ನಾಲ್ಕು ವರ್ಷ ದೊಡ್ಡವಳಾದ, ಲಗೇಜ್ ಆಟೋ ಓಡಿಸುವ ನಮ್ಮಕ್ಕ ರತ್ನಮ್ಮ. ಮೂರನೆಯವಳಾದ ಅವ್ವ ಆಡುವುದಿಲ್ಲ, ತೀರ್ಪು ಕೊಡುತ್ತಾಳೆ. ಅದರ ಕಥೆ ಮುಂದೆ ಬರುತ್ತದೆ.

ಪರದೆಯ ವಿಷಯದಲ್ಲಿ ಅಕ್ಕನಿಗೂ ನನಗೂ ಇರುವ ಪಾಲುದಾರಿಕೆ ಇಂದಿನದಲ್ಲ. ನಾವು ಚಿಕ್ಕವರಿದ್ದಾಗ ಹರದನಹಳ್ಳಿಯ ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಒಳಗೆ ಜಾಗ ಸಿಗದವರು ಕಿಟಕಿಯಲ್ಲಿ ನಿಲ್ಲಬೇಕು. ಆ ಕಿಟಕಿಗೂ ಟೀವಿಗೂ ನಡುವೆ ಒಂದು ಮರದ ಕಂಬ. ಕಿಟಕಿಯ ಒಂದು ತುದಿಯಲ್ಲಿ ನಿಂತ ನನಗೆ ಚಿತ್ರದ ಎಡಭಾಗ ಕಾಣುತ್ತಿತ್ತು, ಇನ್ನೊಂದು ತುದಿಯಲ್ಲಿ ನಿಂತ ಅಕ್ಕನಿಗೆ ಬಲಭಾಗ. ನನ್ನ ಕಡೆಯಲ್ಲಿ ಒಬ್ಬ ಕೈ ಎತ್ತಿ ಹೊಡೆಯುತ್ತಿದ್ದ. ಏಟು ತಿಂದವನು ಯಾರೆಂದು ಅಕ್ಕ ಹೇಳಬೇಕಿತ್ತು. “ಮೀಸೆಯವ್ನು ಬಿದ್ದ ಕಣ್ಲಾ!” ಎಂದು ಅವಳು ಪಿಸುಗುಟ್ಟಿದ ಮೇಲೆಯೇ ನನಗೆ ಸಮಾಧಾನ. ಮನೆಗೆ ನಡೆಯುವ ದಾರಿಯಲ್ಲಿ ಇಬ್ಬರೂ ಅರ್ಧರ್ಧ ಕಥೆಯನ್ನು ಸೇರಿಸಿ ಒಂದು ಮಾಡಿಕೊಳ್ಳುತ್ತಿದ್ದೆವು. ಅವಳು ಹೇಳಿದ ಅರ್ಧವನ್ನು ನಾನು ಒಂದು ದಿನವೂ ಸಂಶಯಿಸಿದ್ದಿಲ್ಲ. ಸಂಶಯಿಸುವುದನ್ನು ಕಲಿತದ್ದು ಕಾಲೇಜಿನಲ್ಲಿ.

ಕಾಲೇಜು ನನಗೆ ಕಲಿಸಿದ್ದು ಚರ್ಚೆ. ಒಂದೇ ವಾರದಲ್ಲಿ ‘ಯಂತ್ರಗಳಿಂದ ಮನುಷ್ಯನ ಏಳಿಗೆ’ ಎಂಬ ವಿಷಯದ ಪರವಾಗಿ ಒಂದು ಕಡೆ, ವಿರೋಧವಾಗಿ ಇನ್ನೊಂದು ಕಡೆ ಮಾತನಾಡಿ ಎರಡರಲ್ಲೂ ಬಹುಮಾನ ಗೆದ್ದವನು ನಾನು. ಗೆದ್ದು ತಂದ ಕಪ್ಪುಗಳಲ್ಲಿ ದೊಡ್ಡದರಲ್ಲಿ ಅವ್ವ ಹುಣಸೆಹಣ್ಣು ತುಂಬಿಟ್ಟಳು. ಎರಡೇ ತಿಂಗಳಲ್ಲಿ ಅದರ ಬೆಳ್ಳಿಯ ಬಣ್ಣವೆಲ್ಲ ಎದ್ದುಹೋಗಿ ಒಳಗಿನ ಹಸಿರು ಕಿಲುಬು ಕಾಣಿಸಿತು. “ನಿಂಗೆ ಕೊಟ್ಟವ್ರು ಗಟ್ಟಿ ಸಾಮಾನು ಕೊಟ್ಟಿಲ್ಲ ಕಂದ” ಎಂದು ಅವ್ವ ಮರುಗಿದ್ದಳು. ಕಪ್ಪು ಟೊಳ್ಳಾದರೂ ತತ್ತ್ವ ಗಟ್ಟಿಯಾದದ್ದೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಮನೆಯೊಳಗೆ ಗಂಟಲು ದೊಡ್ಡದಿದ್ದವರ ಮಾತು ನಡೆಯಬಾರದು, ಒಳ್ಳೆಯ ವಾದವಿದ್ದವರ ಮಾತು ನಡೆಯಬೇಕು. ಆ ಕಾರಣಕ್ಕಾಗಿಯೇ ಇಪ್ಪತ್ತರ ವಯಸ್ಸಿನಲ್ಲಿ ನಾನು ನಮ್ಮ ಮನೆಯಲ್ಲಿ ಚರ್ಚಾಕೂಟವನ್ನು ಜಾರಿಗೆ ತಂದೆ. ದೊಡ್ಡ ವಸ್ತು ಏನೇ ಬರಬೇಕಾದರೂ ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ. ಅವ್ವ ಗಡಿಯಾರ ನೋಡಿಕೊಂಡು ಸ್ಟೀಲ್ ಲೋಟಕ್ಕೆ ಚಮಚದಿಂದ ಹೊಡೆಯಬೇಕು. ಬಳಿಕ ತೀರ್ಪು ಹೇಳಬೇಕು. ಮಿಕ್ಸಿ, ಬೀರು, ಮೇಲ್ಚಾವಣಿಯ ಶೀಟು, ಎಲ್ಲವೂ ಈ ದಾರಿಯಲ್ಲೇ ಮನೆಗೆ ಬಂದವು. ಎಲ್ಲದರಲ್ಲೂ ಗೆದ್ದವನು ನಾನು.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ.

ಅಕ್ಕ ಹತ್ತನೆಯ ತರಗತಿಗೆ ಓದು ನಿಲ್ಲಿಸಿದವಳು. ಕೂಲಿಗೆ ಹೋದಳು, ಟ್ರ್ಯಾಕ್ಟರ್ ಕಲಿತಳು, ಹತ್ತು ವರ್ಷದಿಂದ ಚೆಂಡುಹೂವಿನ ಮೂಟೆಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಮಾರುಕಟ್ಟೆಗೆ ಹೋಗುತ್ತಿದ್ದಾಳೆ. ಗುಂಡ್ಲುಪೇಟೆಯ ಶಾಲೆಯೊಂದು ತನ್ನ ಬಸ್ಸಿಗೆ ಮಹಿಳಾ ಚಾಲಕಿಯನ್ನು ಹುಡುಕುತ್ತಿದೆ ಎಂಬ ಸುದ್ದಿಯನ್ನು ನಾನೇ ತಂದೆ. ಶಾಲೆಯವರು ಅವಳೊಡನೆ ಮಾತನಾಡಿ, ಬೇಸಿಗೆ ರಜೆ ಮುಗಿಯುವುದರೊಳಗೆ ಹೆವಿ ಲೈಸೆನ್ಸ್ ತಂದರೆ ಕೆಲಸ ನಿಮ್ಮದೇ, ತಪ್ಪಿದರೆ ಬೇರೆಯವರನ್ನು ನೋಡುತ್ತೇವೆ ಎಂದರು. ಆ ದಿನದಿಂದ ಅಕ್ಕ ದಾರಿಯಲ್ಲಿ ಹೋಗುವ ಪ್ರತಿಯೊಂದು ಬಸ್ಸನ್ನೂ ನಿಂತು ನೋಡತೊಡಗಿದಳು. ಪ್ರಯಾಣಿಕರನ್ನಲ್ಲ, ಹಿಂದಿನ ಚಕ್ರಗಳನ್ನು.

ಚಾಲನಾ ಪರೀಕ್ಷೆಯಲ್ಲಿ ಮುಂದಕ್ಕೆ ಓಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಹಿಂದಕ್ಕೆ ತರುವಾಗ ಎಡವಟ್ಟಾಯಿತು. ಅದಕ್ಕೊಂದು ಹಿನ್ನೆಲೆಯಿದೆ. ಪುಣಜನೂರಿನ ಕಾಡಿನ ರಸ್ತೆಯಲ್ಲಿ ಒಮ್ಮೆ ಹೂವಿನ ಆಟೋಗೆ ಎದುರಾಗಿ ಆನೆಯೊಂದು ನಡೆದು ಬಂತು. ಅಕ್ಕ ಬಾಗಿಲ ಕಡೆಗೆ ವಾಲಿ, ತಲೆಯನ್ನು ಪೂರ್ತಿ ಹೊರಗೆ ಹಾಕಿ, ತಿರುವುಗಳ ಸಮೇತ ಅರ್ಧ ಮೈಲಿ ದೂರ ಆಟೋವನ್ನು ಹಿಂದಕ್ಕೆ ಓಡಿಸಿದಳು. ಊರಿನಲ್ಲಿ ಇಂದಿಗೂ ಆ ಮಾತು ಬರುತ್ತದೆ. ಆದರೆ ಆ ಸಾಹಸವೇ ಅವಳ ಕುತ್ತಿಗೆಗೆ ಕೆಟ್ಟ ಅಭ್ಯಾಸವೊಂದನ್ನು ಅಂಟಿಸಿತು. ಆಟೋದ ಬೆನ್ನು ಚಿಕ್ಕದು, ತಲೆ ಹೊರಗೆ ಹಾಕಿದರೆ ಹಿಂಬದಿ ಕಾಣುತ್ತದೆ. ಬಸ್ಸಿನದು ಹಾಗಲ್ಲ, ತಲೆ ಹೊರಗೆ ಹಾಕಿದವನಿಗೆ ಬಲಗಡೆ ಮಾತ್ರ ಕಾಣುತ್ತದೆ, ಎಡಗಡೆ ಪೂರಾ ಕತ್ತಲೆ. ಅಲ್ಲಿ ಕನ್ನಡಿಗಳನ್ನೇ ನಂಬಬೇಕು.

ಪರೀಕ್ಷೆಯ ದಿನ ಅವಳು ಹಿಂದಕ್ಕೆ ಹೊರಟೊಡನೆ ತಲೆ ಹೊರಗೆ ಬಂತು. ಬೇಲಿಯ ಆಚೆ ನಿಂತಿದ್ದ ಗಂಡಸರಿಗೆ ಅಷ್ಟೇ ಸಾಕಾಯಿತು. ನಮ್ಮ ಕಡೆ ಹೆಣ್ಣೊಬ್ಬಳು ಗಾಡಿಯನ್ನು ಹಿಂದಕ್ಕೆ ತರುತ್ತಿದ್ದಾಳೆಂದರೆ, ಸೈಕಲ್ಲನ್ನೂ ನೆಟ್ಟಗೆ ನಿಲ್ಲಿಸಲಾರದ ಗಂಡಸು ಕೂಡ ಕೈ ಬೀಸಿ ದಾರಿ ತೋರಿಸುವ ಹೊಣೆ ಹೊರುತ್ತಾನೆ. “ಬರ್ಲಿ, ಬರ್ಲಿ!” “ಲೆಫ್ಟ್ ಒಡಿ ಕಣಮ್ಮ!” “ಅಯ್ಯೋ ಲೆಫ್ಟಲ್ಲ, ರೈಟು!” ಅಕ್ಕ ಎಲ್ಲರ ಮಾತನ್ನೂ ಕೇಳಿದಳು. ಎಡಗಡೆಯ ಗುರುತಿನ ಕಂಬ ಉರುಳಿತು. ಪರೀಕ್ಷಿಸುತ್ತಿದ್ದ ಅಧಿಕಾರಿ ಸಾವಧಾನವಾಗಿ, “ಕನ್ನಡಿ ಇಟ್ಟಿರೋದು ಯಾತಕ್ಕಮ್ಮ? ಚೆನ್ನಾಗಿ ಅಭ್ಯಾಸ ಮಾಡಿ, ಮುಂದಿನ ತಿಂಗಳು ಬನ್ನಿ” ಎಂದರು. ಬೇಲಿಯ ಗಂಡಸರು ಹೇಳಿದ್ದು ಬೇರೆ: “ಹೇಳ್ದಂಗೆ ಕೇಳಿದ್ರೆ ಪಾಸಾಗ್ಬುಡೋಳು.”

ಅಭ್ಯಾಸಕ್ಕೆ ಬಸ್ಸೆಲ್ಲಿ? ಡ್ರೈವಿಂಗ್ ಸ್ಕೂಲಿನಲ್ಲಿ ಇರುವುದು ಒಂದೇ ಬಸ್ಸು, ಹತ್ತು ಜನ ಕಲಿಯುವವರು. ಆಗ ನಾನೇ ಅವಳನ್ನು ನನ್ನ ಕಂಪ್ಯೂಟರಿನ ಮುಂದೆ ಕೂರಿಸಿ ಬಸ್ಸು ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ, ಹಳೆಯ ಸ್ಟೇರಿಂಗೊಂದನ್ನು ತಂದು ಜೋಡಿಸಿದೆ. ಮೂರೇ ದಿನಕ್ಕೆ ಅಕ್ಕ ಯಾವುದೋ ದೇಶದ ಊರೂರು ಸುತ್ತಿ ಬಂದಳು. ನಾಲ್ಕನೆಯ ದಿನ ಸಂಜೆ ಅವಳ ತಕರಾರು ಹೊರಬಿತ್ತು.

“ಲೋ ಮಾದೇವ, ಎಡಗಡೆ ಕನ್ನಡಿ ನೋಡ್ಬೇಕು ಅಂದ್ರೆ ಗುಂಡಿ ಒತ್ತಬೇಕಲ್ಲ, ಯಾವ ಬಸ್ಸಲ್ಲಿ ಅದೆ ಇದು? ಗುಂಡಿ ಒತ್ತಿ ಕತ್ತು ತಿರುಗ್ಸದ ಕಲ್ತ್ರೆ ಅಲ್ಲಿ ಓಗಿ ಗುಂಡಿ ಉಡುಕ್ಲಾ ನಾನು?”

“ಮೂಲೆಯಲ್ಲಿ ಚಿಕ್ಕದಾಗಿ ಕಾಣುತ್ತಲ್ಲ ಅಕ್ಕ.”

“ಕಾಣ್ತದೆ, ಅಂಚೆ ಚೀಟಿಯಷ್ಟು. ಅತ್ಲಾಗೊಂದು ಇತ್ಲಾಗೊಂದು ಟೀವಿ ಇಡು. ಕಣ್ಣು ಅತ್ಲಾಗಿತ್ಲಾಗೆ ಓದ್ರೆ ಸಾಕು, ಕತ್ತು ಓಗ್ಬಾರ್ದು. ನಂಗೆ ಬೇಕಾಗಿರದು ಅದೇ ಅಭ್ಯಾಸ.”

ಬೇಡಿಕೆ ಅರ್ಥವಾಗುವಂಥದ್ದೇ. ಆದರೆ ಅದೇ ಹೊತ್ತಿನಲ್ಲಿ ನನಗೂ ಒಂದು ಬೇಡಿಕೆಯಿತ್ತು: ಕಂಪ್ಯೂಟರಿನೊಳಗೆ ಕುಳಿತು ಪರದೆಗೆ ಚಿತ್ರ ಬರೆದುಕೊಡುವ, ಶಕ್ತಿಶಾಲಿಯಾದ ಹೊಸ ಗ್ರಾಫಿಕ್ಸ್ ಕಾರ್ಡ್. ಎರಡರಲ್ಲಿ ಒಂದನ್ನು ಕೊಳ್ಳುವಷ್ಟು ಮಾತ್ರ ನಮ್ಮಿಬ್ಬರ ಕೈಯಲ್ಲಿತ್ತು. ಏಕೆ ಕಾರ್ಡು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ನಾನು ಆಡುವುದು ಊರು ಕಟ್ಟುವ ಆಟ. ನಾಲ್ಕು ವರ್ಷಗಳಿಂದ ನಾನು ಸಮತಾಪುರ ಎಂಬ ನಗರವನ್ನು ಕಟ್ಟುತ್ತಿದ್ದೇನೆ. ಅಲ್ಲಿ ಬೀದಿಗೊಂದು ವಾಚನಾಲಯವಿದೆ, ಬಸ್ಸು ಉಚಿತ, ಹೆಂಡದಂಗಡಿ ಇಲ್ಲ. ಗ್ರಾಮಸಭೆಯಲ್ಲಿ ಬಿದ್ದುಹೋದ ನನ್ನ ನಿರ್ಣಯಗಳೆಲ್ಲ ಅಲ್ಲಿ ಅವಿರೋಧವಾಗಿ ಅಂಗೀಕಾರವಾಗಿವೆ. ಆದರೆ ಇಂಥ ಊರಿಗೆ ಜನ ಹರಿದು ಬರುವುದು ಸಹಜವಲ್ಲವೆ? ಜನ ಹೆಚ್ಚಿದಂತೆ ನನ್ನ ಹಳೆಯ ಕಾರ್ಡು ಸೋಲತೊಡಗಿತು. ಸಮತಾಪುರದ ನಾಗರಿಕರು ವಾಚನಾಲಯಕ್ಕೆ ಹೊರಟವರು ಒಂದು ಕಾಲನ್ನು ಮೇಲಕ್ಕೆತ್ತಿ ಹಾಗೆಯೇ ನಿಂತುಬಿಡುತ್ತಿದ್ದರು. ಇಡೀ ಆದರ್ಶ ಸಮಾಜ ಒಂಟಿಕಾಲಿನಲ್ಲಿ ನಿಂತಿರುವುದನ್ನು ನೋಡುವುದು ಸುಲಭವಲ್ಲ.

ವಿಷಯ ಚರ್ಚಾಕೂಟಕ್ಕೆ ಬಂತು. ಭಾನುವಾರ ಬೆಳಿಗ್ಗೆ, ರೊಟ್ಟಿ ತಿಂದಾದ ಮೇಲೆ, ಅವ್ವ ಲೋಟವನ್ನು ಬೋರಲು ಹಾಕಿಕೊಂಡು ಕುಳಿತಳು.

ನನ್ನ ವಾದ ಇಂದಿಗೂ ತಾಂತ್ರಿಕವಾಗಿ ಸರಿಯಾದುದೆಂದು ಹೇಳಬಲ್ಲೆ. ಪರದೆ ಮೂರಾದರೆ ಕಾರ್ಡು ಮೂರರಷ್ಟು ಚಿತ್ರ ಬರೆಯಬೇಕು. ಒಂದಕ್ಕೇ ಏದುಸಿರು ಬಿಡುವ ಕಾರ್ಡು ಮೂರಕ್ಕೆ ಏನು ಮಾಡೀತು? ಬಸ್ಸು ತಡವರಿಸಿದರೆ ಕಲಿಕೆಯೂ ತಡವರಿಸುತ್ತದೆ. ಆದ್ದರಿಂದ ಮೊದಲು ಶಕ್ತಿ, ಆಮೇಲೆ ವಿಸ್ತಾರ. ಮೊದಲು ಅಡಿಪಾಯ, ಆಮೇಲೆ ಕಿಟಕಿ. ಕೊನೆಯ ವಾಕ್ಯವನ್ನು ಹೇಳುವಾಗ ನಾನು ಎದ್ದು ನಿಂತಿದ್ದೆ. ಸಮತಾಪುರದ ಹೆಸರನ್ನು ಮಾತ್ರ ಎತ್ತಲಿಲ್ಲ.

ಅಕ್ಕ ಕೂತಲ್ಲಿಂದಲೇ ಮಾತನಾಡಿದಳು. “ಅಲ್ಲ ಕಣ್ಲಾ, ನಿನ್ ಕಾರ್ಡು ಆಕುದ್ರೆ ಮರದ ಎಲೆ ಚೆಂದಾಗಿ ಕಾಣ್ತವೆ, ಅಷ್ಟೇ ತಾನೆ? ಎಲೆ ತಕ್ಕಂಡು ನಾನೇನು ಆಡು ಮೇಯಿಸ್ಲಾ? ಮರ ಬೋಳಾಗಿರ್ಲಿ, ರಸ್ತೆ ಬೂದಿ ಬಣ್ಣ ಆಗಿರ್ಲಿ. ಅದೆಂತದೋ ಚಂದ ಕಮ್ಮಿ ಮಾಡೋ ಗುಂಡಿ ಅದೆ ಅಂದಿದ್ದೆಲ್ಲಾ, ಅದ್ನ ಕಮ್ಮಿ ಮಾಡ್ಬುಡು. ನಂಗೆ... ನಂಗೆ ಅದು...” ಅವಳ ಕೈಗಳು ಎಡಬಲದ ಗಾಳಿಯಲ್ಲಿ ಎರಡು ಚೌಕ ಬರೆದವು. ಮಾತು ಸಿಗಲಿಲ್ಲ. ಅವ್ವ ಲೋಟಕ್ಕೆ ಹೊಡೆದಳು.

“ನಾ ಲೋಟಕ್ಕೆ ಒಡೆಯಕ್ಮುಂಚೇನೇ ಅವ್ನು ಮುಗಿಸ್ಬುಟ್ಟ ಕಣಮ್ಮಿ. ನಿಂದು ಅರ್ಧಕ್ಕೇ ನಿಂತೋಯ್ತು. ಓಗ್ಲಿ ಬುಡು, ಮಾದೇವ ಓದ್ದೋನು, ಅವ್ನಿಗೆ ತಿಳೀತದೆ.”

ಹೀಗೆ ಗೆದ್ದೆ. ಈಗ ಯೋಚಿಸಿದರೆ ಅನ್ನಿಸುತ್ತದೆ, ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಪಟ್ಟು ಕಲಿಸಿರುವ ಅಖಾಡದ ಕುಸ್ತಿಯನ್ನು ನಾನು ಹದಿನೆಂಟು ವರ್ಷ ಪ್ರಜಾಪ್ರಭುತ್ವವೆಂದು ಕರೆದಿದ್ದೆ. ಮಹಿಳಾ ಸಮಾನತೆಯ ಮೇಲೆ ಆ ಹದಿನೆಂಟು ವರ್ಷಗಳಲ್ಲಿ ಎಷ್ಟು ಭಾಷಣ ಮಾಡಿದ್ದೇನೋ ನೆನಪಿಲ್ಲ. ಅವುಗಳ ಒಂದು ಮಾತನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಎಲ್ಲವೂ ಒಳ್ಳೆಯ ಭಾಷಣಗಳೇ. ಅವನ್ನು ನಾನು ಒಮ್ಮೆ ಕೇಳಿಸಿಕೊಳ್ಳಬೇಕಿತ್ತು.

ಮರುದಿನ ಗುಂಡ್ಲುಪೇಟೆಗೆ ಹೋದೆ. ಅಲ್ಲಿ ಬಶೀರಣ್ಣನ ಕಂಪ್ಯೂಟರ್ ಅಂಗಡಿಯಿದೆ. ವಯನಾಡಿನ ಕಡೆಯಿಂದ ಬಂದ ಮನೆತನ. ಲೆಕ್ಕವನ್ನು ಮಲಯಾಳದಲ್ಲಿ ಗುನುಗಿ ಉತ್ತರವನ್ನು ಕನ್ನಡದಲ್ಲಿ ಹೇಳುವವರು. ಕಾರ್ಡಿನ ಪೆಟ್ಟಿಗೆಯನ್ನು ಕೈಗೆ ಕೊಡುವಾಗ ಕೇಳಿದರು: “ಅಕ್ಕನ ಬಸ್ಸಿನ ಆಟಕ್ಕೆ ಅಂದ್ರಲ್ಲ ಮೇಷ್ಟ್ರೇ, ಅದಕ್ಕೆ ಇಷ್ಟು ದೊಡ್ಡ ಕಾರ್ಡು ಯಾಕೆ? ಬೇಗೂರಲ್ಲಿ ಸೈಬರ್ ಸೆಂಟರ್ ಮುಚ್ಚಿದವರ ಹಳೇ ಮಾನಿಟರ್ ನಮ್ಮತ್ರ ಬಿದ್ದಿವೆ, ಚೌಕದ್ದು. ಎರಡು ಇಟ್ಕೊಂಡ್ರೆ ಚೆನ್ನಾಗಿರ್ತದೆ.”

“ಅಡಿಪಾಯವಿಲ್ಲದೆ ಕಿಟಕಿ ಇಡಲಾಗುವುದಿಲ್ಲ ಬಶೀರಣ್ಣ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಮನೆ ಕಟ್ಟಿಸ್ತಾ ಇದ್ದೀರಾ?”

ಕಾರ್ಡನ್ನು ಜೋಡಿಸಿ ಕೊಡಲು ತಾವೇ ಬರುವುದಾಗಿ ಅವರೆಂದರು. ಸ್ವಾವಲಂಬನೆ ನನ್ನ ಜೀವನದ ಸೂತ್ರಗಳಲ್ಲೊಂದು, ಬೇಡವೆಂದೆ. ಮನೆಗೆ ಬಂದು ವಿಡಿಯೋ ನೋಡಿಕೊಂಡು ಕಂಪ್ಯೂಟರಿನ ಡಬ್ಬ ಬಿಚ್ಚಿದೆ, ಹಳೆಯ ಕಾರ್ಡನ್ನು ತೆಗೆದು ಪತ್ರಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ, ಹೊಸದನ್ನು ಕೂರಿಸಿದೆ, ಮುಚ್ಚಿದೆ, ಹಿಂಬದಿಗೆ ಕೈ ಹಾಕಿ ಮಾನಿಟರಿನ ವೈರನ್ನು ಸಿಕ್ಕಿಸಿದೆ. ಪರದೆ ಬೆಳಗಿತು. ನನ್ನೆದೆಯೂ ಬೆಳಗಿತು.

“ನೋಡು ಅಕ್ಕ, ರಸ್ತೆ ಹೇಗೆ ರೇಷ್ಮೆಯಂತೆ ಹರಿಯುತ್ತಿದೆ!”

ಅಕ್ಕ ಎರಡು ಸುತ್ತು ಓಡಿಸಿದಳು. “ಮೊದ್ಲಿಗಿಂತ ಎಳೀತಾ ಅದೆ ಕಣ್ಲಾ.”

“ಇಲ್ಲ ಇಲ್ಲ. ನಿನ್ನ ಕಣ್ಣಿಗೆ ಹಳೆಯದರ ರೂಢಿ. ಚಿತ್ರ ಸೂಕ್ಷ್ಮವಾದಾಗ ಮೊದಮೊದಲು ನಿಧಾನವೆನ್ನಿಸುವುದು ಸಹಜ. ಆ ನೆರಳನ್ನು ನೋಡು, ಎಷ್ಟು ಮೃದುವಾಗಿದೆ!”

“ಯಾವ ನೆಳ್ಳು?”

“ಅದೇ, ಬಸ್ಸಿನದು.”

ಅವ್ವ ಕನ್ನಡಕ ಏರಿಸಿಕೊಂಡು ಬಂದು ನೋಡಿ, “ಊ ಕಣವ್ವ, ನೆಳ್ಳು ಚೆಂದಾಗದೆ” ಎಂದಳು. ತೀರ್ಪುಗಾರಳ ಬೆಂಬಲವೂ ದೊರೆಯಿತು. ಸಮತಾಪುರದಲ್ಲಿ ಜನ ಈಗಲೂ ಕಾಲೆತ್ತಿಯೇ ನಿಲ್ಲುತ್ತಿದ್ದರು. ಮೊದಲಿನಷ್ಟು ಹೊತ್ತು ನಿಲ್ಲುತ್ತಿಲ್ಲವೆಂದು ನನಗೆ ನಿಜವಾಗಿಯೂ ಕಾಣಿಸಿತು. ಕಾಲೇಜಿನ ಸಹೋದ್ಯೋಗಿಗಳಿಗೆ ಹೊಸ ಕಾರ್ಡಿನ ಮಹಿಮೆಯನ್ನು ವಿವರಿಸಿದೆ. ಇಬ್ಬರು ತಾವೂ ಕೊಳ್ಳುವ ಮನಸ್ಸು ಮಾಡಿದರು.

ಹತ್ತು ದಿನ ಹೀಗೆ ಕಳೆಯಿತು. ಅಕ್ಕನ ಪರೀಕ್ಷೆಗೆ ಇನ್ನು ಹದಿನೇಳು ದಿನ. ಅವಳು ಆಟಕ್ಕೆ ಕೂರುವುದು ಕಡಿಮೆಯಾಯಿತು. ಕೂತರೂ ಮುಂದಕ್ಕೆ ಮಾತ್ರ ಓಡಿಸಿ ಎದ್ದುಬಿಡುತ್ತಿದ್ದಳು. ಒಂದು ಬೆಳಿಗ್ಗೆ ಹೂವಿನ ಲೋಡು ಇಳಿಸಿ ಬಂದವಳು ಕೈ ತೊಳೆದು ನೇರವಾಗಿ ಕಂಪ್ಯೂಟರಿನ ಹಿಂದೆ ಹೋಗಿ ಕುಳಿತಳು. ಆಟೋ ಕೆಟ್ಟಾಗ ಅವಳು ಯಾರನ್ನೂ ಕೇಳುವವಳಲ್ಲ; ಒಂದು ತುದಿಯಿಂದ ವೈರು ಹಿಡಿದು ಇನ್ನೊಂದು ತುದಿಯವರೆಗೆ ಬೆರಳಾಡಿಸಿಕೊಂಡು ಹೋಗುತ್ತಾಳೆ. ಮಾನಿಟರಿನ ಬೆನ್ನಿನಿಂದ ಹೊರಟ ಬೆರಳು ಡಬ್ಬದ ಬೆನ್ನಿಗೆ ಬಂದು ನಿಂತಿತು.

“ಮಾದೇವ, ಬಾ ಇಲ್ಲಿ. ನೀನು ತಂದ ಒಸ ಸಾಮಾನು ಯಾವ್ದು?”

“ಆ ಕೆಳಗಡೆಯದು. ಅಡ್ಡಡ್ಡ ತೂತುಗಳಿರುವುದು.”

“ಈ ವೈರು ಎಲ್ಲಿಗೆ ಓಗದೆ?”

ಬಗ್ಗಿ ನೋಡಿದೆ. ಡಬ್ಬದ ಬೆನ್ನಿನಲ್ಲಿ ವೈರು ಸಿಕ್ಕಿಸುವ ಒಂದೇ ಬಗೆಯ ತೂತುಗಳು ಮೇಲೊಂದು, ಕೆಳಗೊಂದು. ಕೆಳಗಿನದು ಹೊಸ ಕಾರ್ಡಿನದು. ವೈರು ಹೋಗಿದ್ದದ್ದು ಮೇಲಿನದಕ್ಕೆ. ಅದು ಕಂಪ್ಯೂಟರಿನ ಜೊತೆಯಲ್ಲೇ ಬಂದ, ಹಳೆಯ ಕಾರ್ಡಿಗಿಂತಲೂ ಬಡಪಾಯಿಯಾದ ವ್ಯವಸ್ಥೆ. ಹತ್ತು ದಿನಗಳ ಕಾಲ ಹೊಸ ಕಾರ್ಡು ಡಬ್ಬದೊಳಗೆ ಫ್ಯಾನು ತಿರುಗಿಸಿಕೊಂಡು ಸುಮ್ಮನೆ ಕುಳಿತಿತ್ತು. ರೇಷ್ಮೆಯಂತೆ ಹರಿದ ರಸ್ತೆ, ಮೃದುವಾದ ನೆರಳು, ಎಲ್ಲವೂ ನನ್ನ ವಾದದ ಬಲದಿಂದಲೇ ಕಂಡದ್ದು.

ಅಕ್ಕ ನೆಲದ ಮೇಲೆ ಕೂತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. “ಅವ್ವಾ! ಬಾರವ್ವ ಇಲ್ಲಿ, ನೆಳ್ಳು ಚೆಂದಾಗದೆ ಅಂದ್ಯಲ್ಲ, ನೋಡ್ಬಾ!” ಅವ್ವ ಬಂದಳು, ವಿಷಯ ತಿಳಿದಳು, ಗಂಭೀರವಾಗಿ ನುಡಿದಳು: “ಅವ್ನು ಅಷ್ಟು ಚೆಂದಾಗಿ ಏಳ್ದ ಕಣಮ್ಮಿ. ನಾನೂ ಕಂಡ್ಬುಟ್ಟೆ.”

ಆಮೇಲೆ ಆ ನಗು ಅಕ್ಕನ ಮುಖದಿಂದ ಒಮ್ಮೆಲೇ ಇಳಿಯಿತು. “ಹತ್ತು ದಿನ ಓಯ್ತಲ್ಲ ಮಾದೇವ” ಎಂದಳು. ಅಷ್ಟೇ. ಮೂರು ನಿಮಿಷ ಬೇಕಾಗಲಿಲ್ಲ.

ನಾನು ವೈರನ್ನು ತೆಗೆದು ಕೆಳಗಿನ ತೂತಿಗೆ ಸಿಕ್ಕಿಸಿದೆ. ಕಾರ್ಡಿಗೆ ನ್ಯಾಯ ಸಲ್ಲಬೇಕು ನೋಡಿ. ಅಕ್ಕ ಎದ್ದು ಹೋದ ಮೇಲೆ, ಸುಮ್ಮನೆ ಪರೀಕ್ಷೆಗೆಂದು, ಸಮತಾಪುರವನ್ನು ತೆರೆದೆ. ಜನ ನಡೆಯುತ್ತಿದ್ದರು! ಕಾಲೆತ್ತಿದವರು ಕಾಲಿಳಿಸಿದರು. ವಾಚನಾಲಯದ ಬಾಗಿಲು ತೆರೆದು ಮುಚ್ಚಿತು. ಉಚಿತ ಬಸ್ಸುಗಳು ಬೀದಿಯಿಂದ ಬೀದಿಗೆ ತಿರುಗಿದವು, ಮರಗಳ ಎಲೆಗಳು ಒಂದೊಂದಾಗಿ ಅಲುಗಿದವು. ನಾಲ್ಕು ವರ್ಷ ನಾನು ಕಾಯುತ್ತಿದ್ದ ದೃಶ್ಯ. ಈಗ ವಾದ ಹೂಡಬೇಕೆಂದಿದ್ದರೆ ಮೊದಲಿಗಿಂತ ಗಟ್ಟಿಯಾದ ಸಾಕ್ಷ್ಯ ನನ್ನಲ್ಲಿತ್ತು: ಅಡಿಪಾಯ ಸಿದ್ಧವಾಗಿದೆ, ಕಿಟಕಿಯನ್ನು ಮುಂದಿನ ತಿಂಗಳು ಇಡೋಣ. ಆ ವಾಕ್ಯ ನಾಲಿಗೆಯವರೆಗೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಅಕ್ಕನನ್ನು ಹುಡುಕಿಕೊಂಡು ಎದ್ದು ಹೋದೆ. ಅಡಿಗೆಮನೆಯ ಬಾಗಿಲಿನಿಂದ ಹಿತ್ತಿಲು ಕಾಣುತ್ತಿತ್ತು. ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಎಡಗಡೆ ನೀರಿನ ಡ್ರಮ್ಮಿನ ಮೇಲೆ ಅವ್ವನ ಮುಖ ನೋಡುವ ಕನ್ನಡಿ, ಬಲಗಡೆ ತಂತಿಗೆ ತೂಗುಹಾಕಿದ ನನ್ನ ಗಡ್ಡ ಬೋಳಿಸುವ ಕನ್ನಡಿ. ಕೈಯಲ್ಲಿ ಸ್ಟೇರಿಂಗಿನಂತೆ ಹಿಡಿದದ್ದು ಅನ್ನ ಬಸಿಯುವ ತಟ್ಟೆ. ತಟ್ಟೆಯನ್ನು ನಿಧಾನವಾಗಿ ತಿರುಗಿಸುತ್ತ, ಕತ್ತನ್ನು ಅಲುಗಿಸದೆ, ಕಣ್ಣನ್ನು ಮಾತ್ರ ಎಡಕ್ಕೂ ಬಲಕ್ಕೂ ಹಾಯಿಸುತ್ತಿದ್ದಳು.

ನಾನು ಒಳಗೆ ಬಂದು ಕಂಪ್ಯೂಟರ್ ಆರಿಸಿ ಕಾರ್ಡನ್ನು ಬಿಚ್ಚಿದೆ.

ಗುಂಡ್ಲುಪೇಟೆಯಲ್ಲಿ ಬಶೀರಣ್ಣ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಏನೂ ಬಳಸಿದಂತೆಯೇ ಕಾಣುವುದಿಲ್ಲವಲ್ಲ ಎಂದು ಅಚ್ಚರಿಪಟ್ಟರು. ನಾನು ಸತ್ಯವನ್ನು ಪೂರ್ತಿಯಾಗಿ ಹೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಅಂಗಡಿಯ ಒಳಕೋಣೆಗೆ ಹೋಗಿ ಅಲ್ಲಿ ನಕ್ಕರು. ಹೊರಗೆ ಬರುವಾಗ ಎರಡು ಚೌಕದ ಮಾನಿಟರ್‌ಗಳನ್ನು ಕಂಕುಳಲ್ಲಿ ಹಿಡಿದು ತಂದರು. “ನಿಮ್ಮ ಹಳೇ ಕಾರ್ಡು ಇದೆಯಲ್ಲ, ಅದನ್ನೇ ಹಾಕಿ. ಹಳೇ ಮಾನಿಟರಿಗೆ ಹಳೇ ಕಾರ್ಡಿನ ತೂತೇ ಸರಿ. ಚಿತ್ರದ ಚಂದ ಎಲ್ಲ ಕಮ್ಮಿ ಮಾಡಿ, ಓಡ್ತದೆ” ಎಂದರು. ಹಿಂದಿರುಗಿ ಬಂದ ಹಣದಲ್ಲಿ ಅಕ್ಕನಿಗೆ ಡ್ರೈವಿಂಗ್ ಸ್ಕೂಲಿನ ಬಸ್ಸಿನಲ್ಲಿ ಹೆಚ್ಚಿನ ಗಂಟೆಗಳನ್ನು ಕೇಳಿ ಪಡೆದೆವು. ಈ ಸಲ ಜೋಡಿಸಲು ಬಶೀರಣ್ಣನನ್ನೇ ಕರೆತಂದೆ. ಸ್ವಾವಲಂಬನೆಯ ತತ್ತ್ವಕ್ಕೆ ಇದರಿಂದ ಯಾವ ಕುಂದೂ ಇಲ್ಲವೆಂದು ನನ್ನ ಅಭಿಪ್ರಾಯ.

ಮೂರು ಪರದೆಯಲ್ಲಿ ಬಸ್ಸು ಓಡಿತು. ಮರಗಳೆಲ್ಲ ಪೊರಕೆ ಕಡ್ಡಿಗಳಂತೆ ಬೋಳು, ಮನೆಗಳು ಬೆಂಕಿಪೊಟ್ಟಣಗಳು, ಆಕಾಶ ಸುಣ್ಣ ಬಳಿದ ಗೋಡೆ. ಆದರೆ ಎಡಗಡೆಯ ಚೌಕದಲ್ಲಿ ಎಡಗನ್ನಡಿ, ಬಲಗಡೆಯ ಚೌಕದಲ್ಲಿ ಬಲಗನ್ನಡಿ, ಮುಖದಷ್ಟು ದೊಡ್ಡದಾಗಿ. ಅಕ್ಕ ಮೊದಲ ಸಲ ಬಸ್ಸನ್ನು ಹಿಂದಕ್ಕೆ ತರುವಾಗ ಹಳೆಯ ರೂಢಿಯಂತೆ ಬಲಕ್ಕೆ ವಾಲಿ ತಲೆ ಹೊರಚಾಚಿದಳು. ಕುರ್ಚಿಯಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅವ್ವ ಮಂಚದ ಮೇಲಿಂದ ಬೀಸಣಿಗೆಯನ್ನು ಚಾಚಿ ಅವಳ ನೆತ್ತಿಗೆ ತಟ್ಟಿದಳು. ಅಂದಿನಿಂದ ತಲೆ ವಾಲಿದಾಗಲೆಲ್ಲ ಬೀಸಣಿಗೆ. ಒಂದು ವಾರದ ಬಳಿಕ ಬೀಸಣಿಗೆ ಗಾಳಿ ಬೀಸಲು ಮಾತ್ರ ಬಳಕೆಯಾಗತೊಡಗಿತು.

ಎರಡನೆಯ ಪರೀಕ್ಷೆಯಲ್ಲಿ ಅಕ್ಕ ತೇರ್ಗಡೆಯಾದಳು. ನನ್ನನ್ನು ಬರಬೇಡವೆಂದಿದ್ದಳು, ಆದ್ದರಿಂದ ಕಣ್ಣಾರೆ ಕಂಡದ್ದಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತ, “ಆಯ್ತು ಕಣವ್ವ” ಎಂದಳು. ಬೇಲಿಯ ಗಂಡಸರು ಕೂಗಲಿಲ್ಲವೇ ಎಂದು ಕೇಳಿದೆ. “ಕೂಗುದ್ರು. ಗಾಜು ಏರಿಸ್ಕಂಡೆ.”

ನಮ್ಮ ಚರ್ಚಾಕೂಟ ನಿಂತಿಲ್ಲ. ನಿಲ್ಲಿಸುವ ಉದ್ದೇಶವೂ ನನಗಿಲ್ಲ. ಆದರೆ ನಿಯಮಗಳಿಗೆ ಒಂದು ತಿದ್ದುಪಡಿ ತಂದಿದ್ದೇನೆ: ವಸ್ತುವನ್ನು ಬಳಸುವವರು ಯಾರೋ ಅವರಿಗೆ ಲೋಟದ ಸದ್ದು ಅನ್ವಯಿಸುವುದಿಲ್ಲ. ಅವರು ಕೈಯಲ್ಲಿ ಚೌಕ ಬರೆದು ತೋರಿಸಿದರೂ ಅದು ವಾದವೆಂದೇ ದಾಖಲಾಗುತ್ತದೆ. ತಿದ್ದುಪಡಿಯನ್ನು ನಾನೇ ಮಂಡಿಸಿ ನಾನೇ ಸಮರ್ಥಿಸಿದೆ. ನಾನೇ ಗೆದ್ದೆ ಎಂದು ಬೇರೆ ಹೇಳಬೇಕಿಲ್ಲ.

ಶಾಲೆ ತೆರೆಯುವ ಮುಂಚಿನ ಶನಿವಾರ ಶಾಲೆಯವರು ಅಕ್ಕನಿಗೆ ಬಸ್ಸಿನ ಕೀಲಿ ಕೊಟ್ಟು, ಖಾಲಿ ಬಸ್ಸಿನಲ್ಲಿ ಬೇಗೂರಿನವರೆಗೆ ಹೋಗಿ ದಾರಿ ನೋಡಿಕೊಂಡು ಬನ್ನಿ ಎಂದರು. ಮೊದಲ ಪ್ರಯಾಣಿಕನಾಗುವ ಹಕ್ಕನ್ನು ನಾನು ಕೇಳಿ ಪಡೆದೆ. ಹಳದಿ ಬಸ್ಸು ಗುಂಡ್ಲುಪೇಟೆಯಿಂದ ಹೊರಟು ಹೆದ್ದಾರಿ ಸೇರಿತು. ಸೂರ್ಯಕಾಂತಿ ಹೊಲಗಳು ಎರಡೂ ಕಡೆ ಹಿಂದಕ್ಕೆ ಸರಿದವು. ಅಕ್ಕನ ಬೆನ್ನು ನೆಟ್ಟಗಿತ್ತು. ಆಟೋದಲ್ಲಿ ಗುನುಗುವವಳು ಇಲ್ಲಿ ಗುನುಗುತ್ತಿರಲಿಲ್ಲ.

ಬೇಗೂರಿನಲ್ಲಿ ಬಸ್ಸನ್ನು ತಿರುಗಿಸಬೇಕಾದ ಜಾಗ ಒಂದು ಓಣಿಯ ಬಾಯಿ. ಒಂದು ಕಡೆ ಹೋಟೆಲಿನ ಚಪ್ಪರ, ಇನ್ನೊಂದು ಕಡೆ ಸಾಲಾಗಿ ನಿಲ್ಲಿಸಿದ ಬೈಕುಗಳು. ಓಣಿಯೊಳಗೆ ಹಿಂದಕ್ಕೆ ಹೋಗಿ ಮತ್ತೆ ಹೆದ್ದಾರಿಗೆ ಬರಬೇಕು. ಹೋಟೆಲಿನಿಂದ ಮೂವರು ಗ್ಲಾಸು ಕೆಳಗಿಟ್ಟು ಎದ್ದರು. ಒಬ್ಬರ ಕೈ ಆಗಲೇ ಗಾಳಿಯಲ್ಲಿತ್ತು. ಈ ಅನ್ಯಾಯವನ್ನು ತಡೆಯಲೇಬೇಕೆಂದು ನಿಶ್ಚಯಿಸಿದೆ. ಎದ್ದು ಎಡಗಡೆಯ ಬಾಗಿಲಿನ ಮೆಟ್ಟಿಲ ಮೇಲೆ ಮೈಯನ್ನು ಹೊರಚಾಚಿ ನಿಂತೆ, ಅವರತ್ತ ಅಂಗೈ ತೋರಿಸಿ ಗಟ್ಟಿ ಧ್ವನಿಯಲ್ಲಿ ಆರಂಭಿಸಿದೆ: “ದಯವಿಟ್ಟು ಯಾರೂ ಸೂಚನೆ ಕೊಡಬೇಡಿ! ಚಾಲಕಿಗೆ ಸಂಪೂರ್ಣ ಸಾಮರ್ಥ್ಯವಿದೆ! ಒಬ್ಬ ಮಹಿಳೆ...”

ಬಸ್ಸು ನಿಂತಿತು. ಹಿಂದಿನಿಂದ ಅಕ್ಕನ ದನಿ ಬಂತು, ಸಿಟ್ಟಿನದಲ್ಲ, ಕೆಲಸದ ನಡುವಿನದು.

“ಕೂತ್ಕಳ್ಲಾ ಮಾದೇವ. ಎಡಗಡೆ ಕನ್ನಡೀಲಿ ಬರೀ ನೀನೇ ಕಾಣ್ತಿದ್ದೀಯ.”

ಕುಳಿತೆ. ಬಸ್ಸು ಓಣಿಯೊಳಕ್ಕೆ ನೆಟ್ಟಗೆ ಹಿಂದಕ್ಕೆ ಹೋಯಿತು.